ಹೊಳೆಯ ಎರಡು ದಡಕ್ಕೂ ಒಬ್ಬರೇ ಇನ್‌ಸ್ಪೆಕ್ಟರು

ಎರಡೂವರೆ ವಾರದ ಹಿಂದೆ, ಒಂದು ಗುರುವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ, ನನಗೊಬ್ಬ ಅವಳಿ ಅಣ್ಣ ಹುಟ್ಟಿದ.

ನಮ್ಮಮ್ಮನಿಗೆ ಈ ವಿಷಯ ಇನ್ನೂ ಗೊತ್ತಿಲ್ಲ.

ನಗಬೇಡಿ. ಆ ಅಣ್ಣ ಬದುಕಿದ್ದು ಬರೀ ಅರ್ಧ ನಿಮಿಷ. ಅಷ್ಟರಲ್ಲೇ ಒಂದು ಸ್ಕೂಲನ್ನ ಮುಚ್ಚೋ ಹಂತಕ್ಕೆ ತಂದಿಟ್ಟು ಹೋದ. ಅವತ್ತಿಂದ ನನಗೆ ನಿದ್ದೆ ಇಲ್ಲ. ಊಟ ಸೇರ್ತಿಲ್ಲ (ಹೋಟೆಲಿನವರು ಹಾಗೆ ಹೇಳಲ್ಲ, ಅದು ಬೇರೆ ವಿಷಯ). ಮಧ್ಯೆ ಎರಡು ವಾರ ಪೇಪರಿನ ಈ ಜಾಗದಲ್ಲಿ ತಿಗಣೆ ಬಗ್ಗೆ, ಬಸ್ಸಿನ ಕ್ಯೂ ಬಗ್ಗೆ ಬರೆದು ಜಾರಿಕೊಂಡೆ. ಇನ್ನು ಆಗಲ್ಲ. ಬರೋ ಗುರುವಾರ ಮತ್ತೆ ಇನ್‌ಸ್ಪೆಕ್ಷನ್ ಇದೆ. ಹೇಳಿಬಿಡ್ತೀನಿ.

ನಿಮಗೆ ಗೊತ್ತೇ ಇದೆ, ನಾನು ಮೇಷ್ಟ್ರು. ಟೆಂಪರರಿ. ಇರೋದು ರಾಜಾಜಿನಗರದಲ್ಲಿ, ಸೌದೆ ಡಿಪೋ ಪಕ್ಕದ ಒಂದು ಬಾಡಿಗೆ ರೂಮಲ್ಲಿ. ದಿನಾ ಬೆಳಿಗ್ಗೆ ಸೈಕಲ್ ತುಳ್ಕೊಂಡು ಅತ್ತಿಗುಪ್ಪೆ ದಾಟಿ, ಮೈಸೂರು ರೋಡ್ ಹಿಡಿದು, ಕೆಂಗೇರಿ ಇನ್ನೆರಡು ಮೈಲಿ ಅನ್ನೋವಾಗ ಬಲಕ್ಕೆ ತಿರುಗಿದ್ರೆ, ವೃಷಭಾವತಿ ಹೊಳೆ ದಂಡೇಲಿ ಒಂದು ಹಳ್ಳಿ. ಹಳ್ಳಿ ಹೆಸರು ಹೇಳಲ್ಲ. ಹೇಳಿದ್ರೆ ಟೆಂಪರರಿ ಅನ್ನೋ ಪದವೂ ಉಳಿಯಲ್ಲ.

ಸ್ಕೂಲು ಅಂದ್ರೆ ಒಂದು ಕೋಣೆ, ಒಂದು ಬೋರ್ಡು, ಒಬ್ಬ ಮೇಷ್ಟ್ರು. ಹೆಡ್‌ಮಾಸ್ಟರು ನಾನೇ, ಅಸಿಸ್ಟೆಂಟು ನಾನೇ, ಬೆಲ್ ಹೊಡೆಯೋನೂ ನಾನೇ. ಒಂದೊಂದ್ಸಲ ನನಗೆ ನಾನೇ ಲೇಟಾಗಿ ಬಂದಿದ್ದಕ್ಕೆ ಬೈಕೊಳ್ತೀನಿ.

ಹೊಳೆಯ ಆಚೆ ದಡದಲ್ಲಿ ಇನ್ನೊಂದು ಸ್ಕೂಲಿದೆ. ಅದು ದೊಡ್ಡದು. ಎರಡು ಕೋಣೆ, ಮಕ್ಕಳೂ ಜಾಸ್ತಿ. ಅಲ್ಲಿ ಸಂಜೀವಯ್ಯ ಮೇಷ್ಟ್ರು ಅಂತ ಹಿರಿಯರಿದಾರೆ. ಈ ಎರಡು ಸ್ಕೂಲಿನ ನಡುವೆ ಹರಿಯೋದು ಬರೀ ಮೊಣಕಾಲುದ್ದ ನೀರು. ಆದ್ರೆ ಸರ್ಕಾರದ ಪ್ರಕಾರ ಅದು ಗಡಿ. ಈ ಕಡೆ ನಾವು ಮೈಸೂರು ರೋಡ್ ರೇಂಜು, ಆ ಕಡೆ ಅವರು ಮಾಗಡಿ ರೋಡ್ ರೇಂಜು. ಎರಡು ರೇಂಜಿಗೆ ಎರಡು ಆಫೀಸು, ಇಬ್ಬರು ಇನ್‌ಸ್ಪೆಕ್ಟರು. ನಮ್ಮ ಇನ್‌ಸ್ಪೆಕ್ಟರು ಹೊಳೆ ದಾಟಲ್ಲ. ಅವರ ಇನ್‌ಸ್ಪೆಕ್ಟರೂ ದಾಟಲ್ಲ.

ದಾಟ್ತಾ ಇದ್ದಿದ್ದು ಗ್ಲೋಬು.

ಎರಡು ಸ್ಕೂಲಿಗೂ ಸೇರಿ ಇದ್ದಿದ್ದು ಒಂದೇ ಗ್ಲೋಬು. ಆಸ್ಟ್ರೇಲಿಯಾ ಹತ್ರ ಒಂದು ಗುಂಡಿ ಬಿದ್ದಿದೆ. ಕಂಬಿ ಮುರಿದಿದ್ದಕ್ಕೆ ಕೊಡೆ ಕಡ್ಡಿ ಚುಚ್ಚಿದಾರೆ. ಇಂಡಿಯಾ ಇನ್ನೂ ಇಂಗ್ಲಿಷರ ಬಣ್ಣದಲ್ಲೇ ಇದೆ. ಊರಿಗೆಲ್ಲ ಬಂದ ಸ್ವಾತಂತ್ರ್ಯ ನಮ್ಮ ಗ್ಲೋಬಿಗೆ ಮಾತ್ರ ಬಂದಿಲ್ಲ. ಆಚೆ ಇನ್‌ಸ್ಪೆಕ್ಷನ್ ಇದ್ರೆ ನಾನು ಅದನ್ನ ಪಂಚೇಲಿ ಸುತ್ತಿ, ತಲೆ ಮೇಲಿಟ್ಕೊಂಡು ಹೊಳೆ ದಾಟ್ತಿದ್ದೆ. ಬಟ್ಟೆ ಒಗೆಯೋರು, "ಏನ್ ಮೇಷ್ಟ್ರೇ, ಕುಂಬಳಕಾಯಾ?" ಅಂತ ಕೇಳೋರು. ಭೂಮಿ ಹೊತ್ಕೊಂಡು ಆದಿಶೇಷನ ಹಾಗೆ ಹೋಗ್ತಿರೋನಿಗೆ ಈ ಮಾತು!

ಗ್ಲೋಬಿನ ಹಿಂದೇನೇ ಬಾಕಿ ಎಲ್ಲ ಶುರುವಾಯ್ತು. ಒಂದು ಸ್ಕೂಲು ನಡೀಬೇಕಾದ್ರೆ ಮೂವತ್ತು ಮಕ್ಕಳಾದ್ರೂ ಬರ್ತಿರಬೇಕು ಅಂತ ರೂಲು. ನನ್ನ ಹತ್ರ ನಿಜವಾಗಿ ಬರೋದು ಇಪ್ಪತ್ತಮೂರು. ಬಾಕಿಯವರು ರಿಜಿಸ್ಟರಲ್ಲಿ ಮಾತ್ರ ಇದಾರೆ. ಸಂಜೀವಯ್ಯನವರ ಹತ್ರ ಮಕ್ಕಳು ಬೇಕಾದಷ್ಟು. ಆದ್ರೆ ಅವರ ಅಸಿಸ್ಟೆಂಟ್ ಮೇಷ್ಟ್ರು, ತಿಮ್ಮಪ್ಪ ಅಂತ, ಊರಿಗೆ ಹೋಗಿ ಬರ್ತೀನಿ ಅಂದವರು ನಾಪತ್ತೆ. ಹಾಗಂತ ಬರೆದು ಕಳಿಸಿದ್ರೆ ಆ ಪೋಸ್ಟೇ ಹೋಗುತ್ತೆ ಅಂತ ಸಂಜೀವಯ್ಯನವರಿಗೆ ದಿಗಿಲು.

"ನೋಡಯ್ಯಾ," ಅಂದ್ರು ಒಂದಿನ, ಹೊಳೆ ಮಧ್ಯದ ಬಂಡೆ ಮೇಲೆ ಕೂತು ನಶ್ಯ ಏರಿಸ್ತಾ. "ನಿನ್ನ ಹತ್ರ ಮಕ್ಕಳಿಲ್ಲ. ನನ್ನ ಹತ್ರ ಮೇಷ್ಟ್ರಿಲ್ಲ. ದೇವರು ಹೊಳೇಲಿ ನೀರು ಕಮ್ಮಿ ಯಾಕಿಟ್ಟಿದಾನೆ ಹೇಳು?"

ಹೀಗೆ ಒಪ್ಪಂದ ಆಯ್ತು. ಅವರ ಇನ್‌ಸ್ಪೆಕ್ಷನ್ ದಿನ ನಾನು ಅಲ್ಲಿ ತಿಮ್ಮಪ್ಪ. ನಮ್ಮ ಇನ್‌ಸ್ಪೆಕ್ಷನ್ ದಿನ ಅವರ ಏಳು ಮಕ್ಕಳು ಇಲ್ಲಿ. ಗ್ಲೋಬು ಎರಡೂ ಕಡೆ.

ತಪ್ಪಲ್ವಾ ಅಂತೀರಾ? ತಪ್ಪೇ. ಆದ್ರೆ ನಮ್ಮ ಸ್ಕೂಲು ಮುಚ್ಚಿದ್ರೆ ಈ ಇಪ್ಪತ್ತಮೂರು ಮಕ್ಕಳು ಆಚೆ ದಡಕ್ಕೆ ಹೋಗಬೇಕು. ಈಗೇನೋ ಶಿವರಾತ್ರಿ ಕಳೆದಿದೆ, ನೀರು ಮೊಣಕಾಲುದ್ದ. ಮಳೆಗಾಲದಲ್ಲಿ ಇದೇ ಹೊಳೆ ದೊಡ್ಡವರ ಸೊಂಟಕ್ಕೆ ಬರುತ್ತೆ. ಸ್ಕೂಲಿಗೆ ನೀರು ತಂದುಹಾಕೋ ನಿಂಗಜ್ಜಿ ನನಗೆ ಮೊದಲ ದಿನವೇ ಹೇಳಿದ್ಲು: "ಈ ಇಸ್ಕೂಲ್ ಮುಚ್ಚಿದ್ರೆ ನಮ್ ರತ್ನೀನ ಹೊಳೆ ದಾಟ್ಸಾಕಿಲ್ಲ ಕಣ್ ಮೇಷ್ಟ್ರಪ್ಪ. ಅವಳಕ್ಕ ಒಂಟೋದಂಗೆ ಇವಳೂ ಪ್ಯಾಟೆಗೆ ಕೂಲಿಗೋಯ್ತಾಳೆ, ಅಷ್ಟೇಯ."

ರತ್ನಿ ಅವಳ ಮೊಮ್ಮಗಳು. ಎರಡನೇ ಕ್ಲಾಸು. ಹತ್ತರವರೆಗೆ ಮಗ್ಗಿ ಒಂದೇ ಉಸಿರಲ್ಲಿ ಹೇಳ್ತಾಳೆ, ಹೇಳಿ ಮುಗಿಸಿ ಕೆಮ್ಮುತಾಳೆ. ಅವಳಕ್ಕ ಎಲ್ಲಿಗೆ ಹೋದ್ಲು ಅಂತ ನಾನು ಅವತ್ತು ಕೇಳಲಿಲ್ಲ. (ಈ ಮಾತು ನೆನಪಿಟ್ಕೊಳ್ಳಿ. ನನಗೆ ಬೈಯೋಕೆ ಆಮೇಲೆ ಬೇಕಾಗುತ್ತೆ.)

ಈಗ ನನ್ನ ಘನಕಾರ್ಯಕ್ಕೆ ಬರ್ತೀನಿ.

ನಮ್ಮ ಆಫೀಸಿಂದ ಆಗಾಗ ಸರ್ಕ್ಯುಲರ್ ಬರುತ್ತೆ. ಇಂಗ್ಲಿಷಲ್ಲಿ, ಸೈಕ್ಲೋಸ್ಟೈಲ್ ಮಾಡಿ, ಒಳ್ಳೆ ದಪ್ಪ ಕಾಗದ. ಆಚೆ ದಡಕ್ಕೂ ಅದೇ ಬರುತ್ತೆ. ಸಂಜೀವಯ್ಯ ಮೇಷ್ಟ್ರು ಅದನ್ನ ಬಿಚ್ಚೋದೇ ಇಲ್ಲ. "ನೀನು ಇಂಟರ್‌ಮೀಡಿಯೇಟ್ ಓದಿದೋನು ಕಣಯ್ಯ, ನೀನೇ ನೋಡಿ ಹೇಳು" ಅಂತ ನನ್ನ ಕೈಗೆ ಕೊಡ್ತಾರೆ. ನಾನೂ ಗಂಭೀರವಾಗಿ ತಲೆ ಆಡಿಸಿ ಜೇಬಿಗೆ ಹಾಕ್ಕೊಳ್ತೀನಿ.

ಓದ್ತೀನಾ?

ನಮ್ಮ ಏಷ್ಯಾ ಮ್ಯಾಪು ಮಡಿಕೆ ಮಡಿಕೇಲೂ ಹರಿದಿತ್ತು. ಅದರ ಬೆನ್ನಿಗೆ ಕಾಗದ ಬೇಕಿತ್ತು. ಸರ್ಕ್ಯುಲರ್ ಕಾಗದ ಎಷ್ಟು ಗಟ್ಟಿ ಅಂತೀರಿ! ಗಂಜಿ ಬಳಿದು, ಒಂದೊಂದೇ ಅಂಟಿಸಿ, ಏಷ್ಯಾಖಂಡವನ್ನ ಉಳಿಸಿದೆ. ಸರ್ಕಾರದ ಆಜ್ಞೆಗಳ ಬಲದ ಮೇಲೆ ಹಿಮಾಲಯ ನಿಂತಿದೆ ಅಂತ ಮಕ್ಕಳ ಮುಂದೆ ಕೊಚ್ಚಿಕೊಂಡಿದ್ದೂ ಉಂಟು.

ಆ ಸೋಮವಾರ ಆಚೆ ದಡದಲ್ಲಿ ಇನ್‌ಸ್ಪೆಕ್ಷನ್. ನಿಂಗಜ್ಜಿ ನಮ್ಮ ಮಕ್ಕಳನ್ನ ಕೂರಿಸ್ಕೊಂಡು ಕಥೆ ಹೇಳ್ತಾ ಇದ್ಲು (ನನ್ನ ಪಾಠಕ್ಕಿಂತ ಚೆನ್ನಾಗಿ). ನಾನು ಭೂಮಿ ಹೊತ್ಕೊಂಡು ಹೊಳೆ ದಾಟಿ ತಿಮ್ಮಪ್ಪ ಆದೆ.

ಇನ್‌ಸ್ಪೆಕ್ಟರ್ ಸಾಹೇಬರು ಸೈಕಲಲ್ಲಿ ಬಂದ್ರು. ತೆಳ್ಳಗೆ, ಪ್ಯಾಂಟಿಗೆ ಕ್ಲಿಪ್ಪು, ಹುಬ್ಬಿನ ಮೇಲೆಲ್ಲ ಧೂಳು. ಹ್ಯಾಂಡಲಿಗೆ ಎಡಕ್ಕೊಂದು ಬಲಕ್ಕೊಂದು, ಎರಡು ಬ್ಯಾಗು. ಒಬ್ಬ ಮನುಷ್ಯನಿಗೆ ಎರಡು ಬ್ಯಾಗ್ ಯಾಕೆ ಅಂತ ಆಗಲೇ ಯೋಚಿಸಬೇಕಿತ್ತು. ನಾನು ಯೋಚಿಸಿದ್ದು, ಒಂದರಲ್ಲಿ ತಿಂಡಿ ಇರ್ಬೇಕು ಅಂತ.

ರಿಜಿಸ್ಟರ್ ನೋಡಿದ್ರು. ನನ್ನ ಮುಖ ನೋಡಿದ್ರು. ಮತ್ತೆ ರಿಜಿಸ್ಟರ್.

"ತಿಮ್ಮಪ್ಪ. ವಯಸ್ಸು ನಲವತ್ತೈದು."

"ಹೌದು ಸಾರ್," ಅಂದೆ. ನನಗೆ ಇಪ್ಪತ್ತೆರಡು.

"ಚೆನ್ನಾಗಿ ಕಾಪಾಡ್ಕೊಂಡಿದೀರಿ."

ಅಷ್ಟೇ. ಗ್ಲೋಬನ್ನ ಒಂದು ಸಲ ತಿರುಗಿಸಿದ್ರು, ಅದು ಕಿರ್ ಅಂತು, ಹೊರಟುಹೋದ್ರು. ಸಂಜೀವಯ್ಯ ಮೇಷ್ಟ್ರು ನನ್ನ ಬೆನ್ನು ತಟ್ಟಿ, "ನಾಟಕ ಕಂಪನಿ ಸೇರ್ಕೊಳ್ಳಯ್ಯ ನೀನು" ಅಂದ್ರು.

ಬುಧವಾರ ನಮಗೆ ಚೀಟಿ ಬಂತು. ಗುರುವಾರ ನಿಮ್ಮ ಸ್ಕೂಲ್ ಇನ್‌ಸ್ಪೆಕ್ಷನ್. ನಾನು ಹೆದರಲೇ ಇಲ್ಲ. ನಮ್ಮ ರೇಂಜಿನವರು ಬೇರೆ ತಾನೆ? ಬೆಳಿಗ್ಗೆ ಏಳು ಮಕ್ಕಳು ಸ್ಲೇಟು ಹಿಡ್ಕೊಂಡು ಹೊಳೆ ದಾಟಿ ಬಂದ್ವು. ಗ್ಲೋಬು ಮೇಜಿನ ಮೇಲೆ ಕೂತ್ಕೊಂಡ್ತು. ಎಲ್ಲರಿಗೂ ಒಂದೊಂದು ಹಿಡಿ ಪುರಿ ಹಂಚಿ ಬಾಗಿಲಲ್ಲಿ ನಿಂತೆ.

ಮಾವಿನ ಮರದ ತಿರುವಲ್ಲಿ ಒಂದು ಸೈಕಲ್ ಕಾಣಿಸ್ತು. ಎಡಕ್ಕೊಂದು ಬ್ಯಾಗು. ಬಲಕ್ಕೊಂದು ಬ್ಯಾಗು.

ಬಾಗಿಲ ಚೌಕಟ್ಟು ಹಿಡ್ಕೊಂಡೇ ನಮಸ್ಕಾರ ಮಾಡಿದೆ.

ಸಾಹೇಬರು ಸೈಕಲ್ ಒರಗಿಸಿ, ಕ್ಲಿಪ್ ಬಿಚ್ಚಿ, ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು.

"ನಿಮ್ಮನ್ನ ಸೋಮವಾರ ಎಲ್ಲೋ ನೋಡಿದ ಹಾಗಿದೆಯಲ್ಲರೀ?"

ಆಗ ಹುಟ್ಟಿದ ನಮ್ಮಣ್ಣ.

"ನಮ್ಮಣ್ಣ ಇರ್ಬೇಕು ಸಾರ್. ಅವಳಿ-ಜವಳಿ ನಾವು."

"ಓಹೋ. ನಿಮ್ಮಣ್ಣನಿಗೆ ನಲವತ್ತೈದು. ನಿಮಗೆಷ್ಟು?"

"ಇಪ್ಪತ್ತೆರಡು ಸಾರ್," ಅಂದುಬಿಟ್ಟೆ. ಭಯದಲ್ಲಿ ಬಾಯಿಗೆ ಸತ್ಯ ಬಂದುಬಿಡುತ್ತೆ, ಏನ್ ಮಾಡೋದು?

ಅವರು ನಗಲಿಲ್ಲ. ಒಳಗೆ ಬಂದು ಗ್ಲೋಬಿನ ಮೇಲೆ ಬೆರಳಿಟ್ರು. ಆಸ್ಟ್ರೇಲಿಯಾದ ಗುಂಡಿ ಸವರಿದ್ರು. ತಿರುಗಿಸಿದ್ರು. ಕಿರ್ ಅಂತು.

"ಇದಕ್ಕೂ ಅವಳಿ ಇದೆಯಾ?"

ಆಚೆ ದಡದಿಂದ ಬಂದಿದ್ದ ಒಂದು ಪುಟ್ಟ ಹುಡುಗಿ ಎದ್ದು ನಿಂತು, ಸೋಮವಾರ ಹೇಳಿಕೊಟ್ಟಿದ್ದ ರಾಗದಲ್ಲೇ, "ನಮಸ್ಕಾರ ಸಾರ್" ಅಂದ್ಲು. ಸಾಹೇಬರು ಬಗ್ಗಿ ಅವಳನ್ನೇ ನೋಡಿ, "ನೀನೂ ಅವಳೀನಾ ತಾಯಿ?" ಅಂದ್ರು.

"ಇಲ್ಲ ಸಾರ್. ನಾನು ಒಬ್ಳೇ."

"ನೋಡಿ," ಅಂದ್ರು ನನ್ನ ಕಡೆ ತಿರುಗಿ, "ಎಷ್ಟು ಸುಲಭ ನಿಜ ಹೇಳೋದು."

ಆಮೇಲೆ ಮ್ಯಾಪಿನ ಹತ್ರ ಹೋದ್ರು. ಇದ್ಯಾಕೆ ಇಷ್ಟು ದಪ್ಪ ಅಂತ ಅಂಚು ಹಿಡಿದು ತಿರುಗಿಸಿದ್ರು. ಟಿಬೆಟ್ಟಿನ ಬೆನ್ನಿಗೆ ಒಂದು ಕಾಗದ. ಹತ್ರ ಹೋಗಿ, ಕನ್ನಡಕ ಏರಿಸಿ ಓದಿದ್ರು. ನನಗೂ ಓದಿ ಹೇಳಿದ್ರು, ಕನ್ನಡದಲ್ಲಿ, ನಿಧಾನವಾಗಿ. ಮೈಸೂರು ರೋಡ್ ರೇಂಜಿನ ಇನ್‌ಸ್ಪೆಕ್ಟರು ರಿಟೈರ್ ಆಗಿರೋದ್ರಿಂದ, ಹೊಸಬರು ಬರೋವರೆಗೂ ಮಾಗಡಿ ರೋಡ್ ರೇಂಜಿನವರೇ ಎರಡೂ ರೇಂಜನ್ನ ನೋಡಿಕೊಳ್ತಾರೆ. ಎಲ್ಲ ಮೇಷ್ಟ್ರುಗಳೂ ಗಮನಿಸಬೇಕು.

"ಗಮನಿಸಿದೀರಿ," ಅಂದ್ರು. "ಗಂಜಿ ಹಾಕಿ."

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಮೇಜಿನ ಮೇಲಿದ್ದ ಭೂಮಿ ಸುಮ್ಮನೆ ಕೂತಿತ್ತು.

"ಆಚೆ ದಡದ ಮಕ್ಕಳು ಎದ್ದು ಆ ಗೋಡೆ ಪಕ್ಕ ನಿಂತ್ಕೊಳ್ಳಿ. ಯಾರಿಗೂ ಏನೂ ಮಾಡಲ್ಲ."

ಏಳು ಮಕ್ಕಳು ಎದ್ವು. ಉಳಿದವರನ್ನ ಸಾಹೇಬರು ಬೆರಳಲ್ಲಿ ಒಬ್ಬೊಬ್ಬರನ್ನಾಗಿ ತೋರಿಸ್ತಾ ಎಣಿಸಿದ್ರು. ಇಪ್ಪತ್ತಮೂರು. ಕೊನೆಯವಳು ರತ್ನಿ. ಅವಳ ಹತ್ರ ಬೆರಳು ನಿಂತಾಗ ಅವಳು ಏನು ಕೇಳ್ತಾರೋ ಅಂತ ಎರಡರ ಮಗ್ಗಿ ಶುರು ಮಾಡಿಬಿಟ್ಲು. ಯಾರೂ ತಡೀಲಿಲ್ಲ. ಎರಡ್ ಹತ್ಲೆ ಇಪ್ಪತ್ತರವರೆಗೂ ಹೇಳಿ, ಕೆಮ್ಮಿ, ಕೂತ್ಕೊಂಡ್ಲು. ಬಾಗಿಲಲ್ಲಿ ನಿಂಗಜ್ಜಿ ಕೊಡ ಕಂಕುಳಲ್ಲಿಟ್ಕೊಂಡು ಕಲ್ಲಿನ ಹಾಗೆ ನಿಂತಿದ್ಲು.

ಸಾಹೇಬರು ಒಂದು ಬ್ಯಾಗಿಂದ ವಿಸಿಟ್ ಬುಕ್ಕಿಗೆ ಬರೆಯೋ ಪೆನ್ನು ತೆಗೆದ್ರು. ಕ್ಯಾಪ್ ಬಿಚ್ಚಿದ್ರು. ಆ ಪೆನ್ನಿನ ತುದೀಲಿ ನಮ್ಮ ಸ್ಕೂಲಿತ್ತು.

ನನ್ನ ಕೆಲಸ ಹೋದ್ರೆ ಹೋಗಲಿ ಸಾರ್, ಸ್ಕೂಲು ಮುಚ್ಚಬೇಡಿ ಅಂದೆ. ಇದನ್ನ ನಾನು ವೀರಾವೇಶದಲ್ಲಿ ಹೇಳಿದೆ ಅಂತ ಬರೀಬಹುದಿತ್ತು. ನಿಜವಾಗಿ ಹೇಳಿದ್ದು ಬಿಕ್ಕಳಿಸ್ತಾ.

ಅವರು ಪೆನ್ನು ಹಿಡ್ಕೊಂಡೇ ಕಿಟಕಿ ಆಚೆ ನೋಡಿದ್ರು. "ನನಗೆ ಎರಡು ಆಫೀಸ್ ಕಣ್ರೀ. ಬೆಳಿಗ್ಗೆ ಹತ್ತು ಗಂಟೆಗೆ ಮಾಗಡಿ ರೋಡಲ್ಲೂ ನನ್ನ ಸೈನ್ ಇರುತ್ತೆ, ಮೈಸೂರು ರೋಡಲ್ಲೂ ಇರುತ್ತೆ. ನೀನು ಅವಳಿನಾ ಅಂತ ನನ್ನನ್ನ ಯಾರೂ ಕೇಳಿಲ್ಲ." ಕ್ಯಾಪ್ ಹಾಕಿದ್ರು. "ಆದ್ರೆ ಮಕ್ಕಳ ವಿಷಯದಲ್ಲಿ ಹಾಗಾಗಲ್ಲ. ಮೂರು ವಾರ ಬಿಟ್ಟು ಗುರುವಾರ ಬರ್ತೀನಿ. ಈ ಕೋಣೇಲಿ ಈ ಹಳ್ಳಿದೇ ಮೂವತ್ತು ಮಕ್ಕಳು ಕೂತಿದ್ರೆ ಮೂವತ್ತು ಅಂತ ಬರೀತೀನಿ. ಇಪ್ಪತ್ತೊಂಬತ್ತಿದ್ರೆ ಇಪ್ಪತ್ತೊಂಬತ್ತು. ಗ್ಲೋಬು ಎಲ್ಲಾದ್ರೂ ಇಟ್ಕೊಳ್ಳಿ."

ಹೋಗ್ತಾ ಬಾಗಿಲಲ್ಲಿ ತಿರುಗಿ, "ತಿಮ್ಮಪ್ಪನ ಬಗ್ಗೆ ನಿಜ ಬರೆದು ಕಳಿಸೋಕೆ ಹೇಳಿ ನಿಮ್ಮ ಸಂಜೀವಯ್ಯನವರಿಗೆ" ಅಂದ್ರು. (ಹೇಳಿದೀನಿ ಸಾರ್. ಈ ಪತ್ರಿಕೆ ನೀವು ಓದಲ್ಲ ಅಂತ ನಂಬಿದೀನಿ. ಓದ್ತಿದ್ರೆ, ನಮಸ್ಕಾರ.)

ಅವತ್ತಿಂದ ನಾನು ಮನೆಮನೆ ತಿರುಗೋ ದಾಸಯ್ಯ ಆಗಿದೀನಿ. ಶಂಖ ಜಾಗಟೆ ಇಲ್ಲ, ರಿಜಿಸ್ಟರ್ ಇದೆ. ರಿಜಿಸ್ಟರಲ್ಲಿ ಹೆಸರಿದ್ದು ಕ್ಲಾಸಲ್ಲಿ ಇಲ್ಲದವರು ಯಾರು, ಎಲ್ಲಿದಾರೆ? ಒಂದು ವರ್ಷದಲ್ಲಿ ಒಂದು ದಿನವೂ ಕೇಳದೇ ಇದ್ದ ಪ್ರಶ್ನೆ. ಸಾಲ ತಂದ ಮಕ್ಕಳು ಇರುವಾಗ ಸ್ವಂತ ಮಕ್ಕಳನ್ನ ಯಾರು ಹುಡುಕ್ತಾರೆ?

ಇಬ್ಬರು ಕುರಿ ಮೇಯಿಸ್ತಿದ್ರು. ಅವರ ಅಪ್ಪನ್ನ ಒಪ್ಪಿಸೋಕೆ ಮೂರು ಸಂಜೆ, ಒಂದು ಕಟ್ಟು ಬೀಡಿ. ಒಂದು ಹುಡುಗಿ ತಮ್ಮನ್ನ ಎತ್ಕೊಂಡು ಮನೇಲಿದ್ಲು. ತಮ್ಮನ್ನೂ ಕರ್ಕೊಂಡು ಬಾ ಅಂದೆ. ಅವನು ಈಗ ಬೋರ್ಡಿನ ಕೆಳಗೆ ಮಲಗಿರ್ತಾನೆ, ನನ್ನ ಪಾಠಕ್ಕೆ ನಿದ್ದೆ ಮಾಡೋರಲ್ಲಿ ಅವನೊಬ್ಬನೇ ಪ್ರಾಮಾಣಿಕ. ಇನ್ನು ಮೂವರು ನನ್ನ ಏಟಿಗೆ ಹೆದರಿ ಬಿಟ್ಟಿದ್ರಂತೆ. ನಾಗರಬೆತ್ತವನ್ನ ಅವರ ಎದುರಿಗೇ ಹೊಳೆಗೆ ಎಸೆದೆ. (ಅದು ತೇಲ್ಕೊಂಡು ಆಚೆ ದಡಕ್ಕೆ ಹೋಯ್ತು. ಸಂಜೀವಯ್ಯನವರಿಗೆ ಸಿಕ್ಕಿರ್ಬೇಕು.)

ಒಟ್ಟು ಇಪ್ಪತ್ತೊಂಬತ್ತು.

ಒಂದು. ಇನ್ನೊಂದೇ ಒಂದು. ಹೋದ ಬುಧವಾರ ರಿಜಿಸ್ಟರಿನ ಕೊನೇ ಹೆಸರು ಹಿಡಿದು ನಿಂಗಜ್ಜಿ ಮನೆ ಮುಂದೆ ನಿಂತೆ. ಪುಟ್ಟತಾಯಿ. ನಾನು ಸೇರೋಕೆ ಮುಂಚೇನೇ ಸ್ಕೂಲ್ ಬಿಟ್ಟವಳು. ರತ್ನಿಯ ಅಕ್ಕ.

"ಅಜ್ಜಿ, ಪುಟ್ಟತಾಯಿ ಎಲ್ಲಿದಾಳೆ?"

"ಈಗ್ ಕೇಳ್ತೀಯ ಮಾರಾಯ," ಅಂದ್ಲು. "ಅವರಪ್ಪ ಅವ್ವನ ಜೊತೆ ಅವ್ಳೆ. ಅದೇ ರಾಜಾಜಿನಗರ, ಒಸಾ ಮನೆಗಳು ಕಟ್ತಾವ್ರಲ್ಲ. ಪಕ್ಕದಾಗೆ ಸೌದೆ ಡಿಪೋ ಅದಂತೆ."

ಸೌದೆ ಡಿಪೋ!

ಮಾರನೇ ದಿನ ಬೆಳಿಗ್ಗೆ ರೂಮಿನ ಬಾಗಿಲು ತೆಗೆದೆ. ಎದುರಿಗೆ ಅರ್ಧ ಎದ್ದ ಮನೆ. ಆರು ತಿಂಗಳಿಂದ ದಿನಾ ನೋಡ್ತಿರೋ ಮನೆ. ಗೋಡೆ ಮುಂದೆ ಒಂದು ಹುಡುಗಿ, ಹತ್ತು ವರ್ಷ ಇರ್ಬೇಕು, ಡಬ್ಬದಲ್ಲಿ ನೀರು ಮೊಗೆದು ಇಟ್ಟಿಗೆಗೆ ಎರಚ್ತಾ ಇದಾಳೆ. ಹೊಸ ಗೋಡೆ ಒಣಗಿ ಬಿರುಕು ಬಿಡಬಾರದು ಅಂತ ಬೆಳಿಗ್ಗೆ ಸಂಜೆ ನೀರು ಹಾಕಬೇಕು. ಅದು ಅವಳ ಕೆಲಸ.

"ಪುಟ್ಟತಾಯಿ?" ಅಂದೆ.

ತಿರುಗಿದ್ಲು. ಗುರುತು ಹಿಡಿದ್ಲು, ನಾನಲ್ಲ, ಅವಳು. "ನೀವು ನಮ್ಮೂರ್ ಮೇಷ್ಟ್ರು. ಅಜ್ಜಿ ಯೋಳಿತ್ತು. ದಿನಾ ಇಲ್ಲೇ ಓಗ್ತೀರ. ಬೆಲ್ ಒಡೆದು, ಏಯ್ ಸರ್ಕೋ ಅಂತೀರ."

ಅಂದಿದೀನಿ. ದಿನಾ ಅಂದಿದೀನಿ. ನನ್ನ ಮೂವತ್ತನೇ ವಿದ್ಯಾರ್ಥಿನಿಯನ್ನ ಬೆಲ್ ಹೊಡೆದು ದಾರಿಯಿಂದ ಸರಿಸಿ, ಆರು ಮೈಲಿ ಸೈಕಲ್ ತುಳ್ಕೊಂಡು ಹೋಗಿ, ಹೊಳೆ ಆಚೆಯಿಂದ ಮಕ್ಕಳನ್ನ ಸಾಲ ತರ್ತಾ ಇದ್ದೆ. ಇಂಥ ಮೇಷ್ಟ್ರಿಗೆ ಇನ್‌ಸ್ಪೆಕ್ಟರು ಒಬ್ಬರು ಸಾಕಾ?

ಅವರಪ್ಪ ಗಾರೆ ಕಲಸ್ತಾ ಇದ್ದ. ಎಲ್ಲ ಹೇಳಿದೆ. ಅಜ್ಜಿ ಹತ್ರ ಇದ್ಕೊಂಡು ಓದಲಿ, ರತ್ನಿಗೂ ಜೊತೆ ಆಗುತ್ತೆ ಅಂದೆ. ಅವನು ಸಲಿಕೆ ಒರಗಿಸಿ, "ಅವಳಿಗೂ ಆಸೆ ಅದೆ ಸೋಮಿ. ಆದ್ರೆ ಗ್ವಾಡೆಗೆ ನೀರ್ ಆಕೋರ್ ಯಾರು? ನಾನು ಗಾರೆ ಬುಟ್ಟು ಎದ್ದೇಳಂಗಿಲ್ಲ, ಇವಳವ್ವ ಇಟ್ಟಿಗೆ ಬುಟ್ಟು ಬರಂಗಿಲ್ಲ. ನೀರು ತಪ್ಪುದ್ರೆ ಯಜಮಾನ್ರು ನಮ್ಮನ್ನೇ ಕಳ್ಸಿಬುಡ್ತಾರೆ" ಅಂದ.

"ನಾನು ಹಾಕ್ತೀನಿ."

ಅವನು ನನ್ನ ಇಸ್ತ್ರಿ ಷರ್ಟು ನೋಡಿ ನಕ್ಕ. ಪುಟ್ಟತಾಯಿ ನಗಲಿಲ್ಲ. ಡಬ್ಬ ನನ್ನ ಕೈಗೆ ಕೊಟ್ಟು, "ಮೇಲಿಂದ ಉಯ್ಯಿ. ಮೂಲೆ ಬುಡಬ್ಯಾಡಿ" ಅಂದ್ಲು. ಹಾಕಿದೆ. ಗೋಡೆಗಿಂತ ನಾನೇ ಜಾಸ್ತಿ ನೆನೆದೆ. ಅವಳು ನನ್ನ ಹಿಂದೆ ನಿಂತು, ಬಿಟ್ಟ ಇಟ್ಟಿಗೆಗಳನ್ನ ಒಂದೊಂದಾಗಿ ತೋರಿಸಿದ್ಲು. ನನಗಿಂತ ಒಳ್ಳೆ ಇನ್‌ಸ್ಪೆಕ್ಟರು.

"ಯಜಮಾನ್ರು ಒಪ್ಪಿದ್ರೆ ಕಳಿಸ್ತೀನಿ ಸೋಮಿ," ಅಂದ ಅವರಪ್ಪ ಕೊನೆಗೆ. "ಅವರನ್ನೊಂದ್ ಮಾತ್ ಕೇಳ್ಬುಡಿ."

ಯಜಮಾನರು ಬರೋದು ಭಾನುವಾರ ಮಾತ್ರ. ದೊಡ್ಡ ಮನುಷ್ಯರು. ಊರುಗೋಲಲ್ಲಿ ಗೋಡೆ ತಟ್ಟಿ ನೋಡಿ, ಮರಳಿನ ಗುಡ್ಡೆ ಪಕ್ಕ ಕುರ್ಚಿ ಹಾಕಿಸ್ಕೊಂಡು, ಒಂದು ಗಂಟೆ ಪೇಪರ್ ಓದ್ತಾರೆ. ಇದೇ ಪೇಪರ್. ನಾನು ಕಿಟಕೀಲಿ ನೋಡಿದೀನಿ. ಎದುರಿಗೆ ಹೋಗಿ ಕೇಳೋಕೆ ಧೈರ್ಯ ಬೇಕು. ಅದನ್ನ ಎಲ್ಲಿಂದ ಸಾಲ ತರಲಿ?

ಆದ್ದರಿಂದ, ಎದುರುಮನೆ ಯಜಮಾನ್ರೇ, ಇವತ್ತು ಭಾನುವಾರ, ನೀವು ಈಗ ಇದನ್ನ ಓದ್ತಾ ಇದೀರಿ. ಸ್ವಲ್ಪ ತಲೆ ಎತ್ತಿ. ಕಿಟಕಿ ಹಿಂದೆ ನಿಂತಿರೋನು ನಾನೇ. ಸರ್ಕಾರ ಒಬ್ಬ ಇನ್‌ಸ್ಪೆಕ್ಟರನ್ನ ಎರಡು ರೇಂಜಿಗೆ ಹಂಚಿದೆ, ನೀವು ಒಬ್ಬ ಮೇಷ್ಟ್ರನ್ನ ಹಂಚಿಕೊಳ್ಳಿ. ಬೆಳಿಗ್ಗೆ ಸಂಜೆ ನಿಮ್ಮ ಗೋಡೆ, ಮಧ್ಯೆ ನನ್ನ ಸ್ಕೂಲು. ಮೂಲೆ ಬಿಡಲ್ಲ, ಕಲಿಸಿಕೊಟ್ಟಿದಾಳೆ. ಗುರುವಾರಕ್ಕೆ ಇನ್ನು ನಾಲ್ಕೇ ದಿನ.

ನಾಳೆ ಬೆಳಿಗ್ಗೆ ಡಬ್ಬ ನಾನು ತಗೊಳ್ಳಲಾ ಸಾರ್?